ಸ್ಟೀರಾಯ್ಡ್ ಮಾತ್ರೆಯಿಂದ ಇಳಿಯುವ ದಾರಿ, ಮೂಳೆ ಉಳಿಸಿಕೊಂಡು

ದೊಡ್ಡಮ್ಮ ಮೊದಲು ದೂರಿದ್ದು ಸೀರೆಯನ್ನು. "ಈಗಿನ ಸೀರೆಗಳ ಪನ್ನವೇ ಜಾಸ್ತಿ, ಎಷ್ಟು ಸಿಕ್ಕಿಸಿಕೊಂಡರೂ ನೆರಿಗೆ ನೆಲ ಗುಡಿಸುತ್ತದೆ" ಎನ್ನುತ್ತಿದ್ದರು. ಪೆಟ್ಟಿಗೆಯಿಂದ ತೆಗೆದ ಇಪ್ಪತ್ತು ವರ್ಷ ಹಳೆಯ ಸೀರೆಯೂ ಕಾಲಿಗೆ ತೊಡರಿದ ಮೇಲೆ ನಮಗೆ ಹೊಳೆಯಿತು, ಅವರೇ ಗಿಡ್ಡವಾಗಿದ್ದಾರೆ ಎಂದು. ಗೋಡೆಗೆ ನಿಲ್ಲಿಸಿ ಅಳೆದರೆ ಐದು ಸೆಂಟಿಮೀಟರ್ ಕಡಿಮೆ. ಎಕ್ಸ್‌ರೇಯಲ್ಲಿ ಬೆನ್ನಿನ ಎರಡು ಮೂಳೆಗಳು ಮುಂಭಾಗದಲ್ಲಿ ಕುಸಿದು ಬೆಣೆಯ ಆಕಾರಕ್ಕೆ ಬಂದಿದ್ದವು. ಅಷ್ಟು ದಿನ ಆ ನೋವನ್ನು 'ಗ್ಯಾಸ್ ಹಿಡಿದುಕೊಂಡಿದೆ' ಎಂದು ಓಮ ಜಗಿದು, ಎಣ್ಣೆ ತಿಕ್ಕಿಸಿಕೊಂಡು ದೂಡಿದ್ದರು. ಕೀಲುಗಳು ಊದಿ ನೋಯುವ ಆಮವಾತಕ್ಕೆಂದು (ರುಮಟಾಯ್ಡ್ ಆರ್ಥ್ರೈಟಿಸ್) ಆರು ವರ್ಷ, ದಿನಕ್ಕೆ 10 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ನುಂಗಿದವರು ಅವರು.

ಎಕ್ಸ್‌ರೇ ನೋಡಿ ಹೆದರಿ, ಯಾರನ್ನೂ ಕೇಳದೆ ಮಾತ್ರೆಯನ್ನು ಅಂದೇ ನಿಲ್ಲಿಸಿಬಿಟ್ಟರು. ನಾಲ್ಕನೆಯ ದಿನ ವಾಂತಿ, ತಲೆಸುತ್ತು, ಮಂಚದಿಂದ ಏಳಲಾರದಷ್ಟು ನಿಶ್ಶಕ್ತಿ. ಆಸ್ಪತ್ರೆಯಲ್ಲಿ ಡ್ರಿಪ್ ಜೊತೆಗೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟ ಮೇಲೆ ಕಣ್ಣು ಬಿಟ್ಟರು. ಮುಂದುವರಿಸಿದರೆ ಮೂಳೆ ಕುಸಿಯುತ್ತದೆ, ಫಕ್ಕನೆ ಬಿಟ್ಟರೆ ಮನುಷ್ಯರೇ ಕುಸಿಯುತ್ತಾರೆ. ಇವೆರಡರ ನಡುವೆ ಒಂದು ದಾರಿ ಇದೆ. ಅದರಲ್ಲಿ ದೊಡ್ಡಮ್ಮನನ್ನು ಕೈಹಿಡಿದು ನಡೆಸಿದ ಹದಿನಾಲ್ಕು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಇದನ್ನು ಓದಿ ನಿಮ್ಮ ವೈದ್ಯರ ಮುಂದೆ ಕೂತು ಸರಿಯಾದ ಪ್ರಶ್ನೆ ಕೇಳಿದರೆ ಸಾಕು, ಇದನ್ನೇ ಚೀಟಿ ಮಾಡಿಕೊಂಡು ಔಷಧಿ ಅಂಗಡಿಗೆ ಹೋಗಬೇಡಿ.

1. ನೀವು ನುಂಗುತ್ತಿರುವುದು ಏನು, ಎಷ್ಟು ದಿನದಿಂದ?

ಮನೆಯಲ್ಲಿರುವ ಮಾತ್ರೆಯ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ. ವೈಸೋಲೋನ್, ಓಮ್ನಾಕಾರ್ಟಿಲ್ ಎಂದಿದ್ದರೆ ಅದು ಪ್ರೆಡ್ನಿಸೋಲೋನ್. ಮೆಡ್ರಾಲ್ ಎಂದರೆ ಮೀಥೈಲ್‌ಪ್ರೆಡ್ನಿಸೋಲೋನ್, ಡೆಫ್ಕಾರ್ಟ್ ಎಂದರೆ ಡೆಫ್ಲಜಾಕಾರ್ಟ್, ಬೆಟ್ನೆಸಾಲ್ ಎಂದರೆ ಬೀಟಾಮೆಥಾಸೋನ್. ಇವೆಲ್ಲ ಒಂದೇ ವಂಶದವು, ಶಕ್ತಿ ಮಾತ್ರ ಬೇರೆ. 5 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಮಾಡುವ ಕೆಲಸವನ್ನು 4 ಮಿಲಿಗ್ರಾಂ ಮೀಥೈಲ್‌ಪ್ರೆಡ್ನಿಸೋಲೋನ್, ಸುಮಾರು 6 ಮಿಲಿಗ್ರಾಂ ಡೆಫ್ಲಜಾಕಾರ್ಟ್ ಅಥವಾ ಮುಕ್ಕಾಲು ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಮಾಡುತ್ತದೆ. 'ಅರ್ಧ ಮಿಲಿಗ್ರಾಂ ಮಾತ್ರೆ ತಾನೇ, ಏನಾಗುತ್ತದೆ' ಎಂದು ಡೆಕ್ಸಾಮೆಥಾಸೋನನ್ನು ಹಗುರವಾಗಿ ಕಾಣುವವರು ಈ ಲೆಕ್ಕವನ್ನು ಇನ್ನೊಮ್ಮೆ ಓದಬೇಕು.

ಆಸ್ತಮಾ ಉಲ್ಬಣಿಸಿದಾಗ ಐದು ದಿನ, ಏಳು ದಿನ ಕೊಡುವ ಮಾತ್ರೆಯನ್ನು ಸಾಮಾನ್ಯವಾಗಿ ನೇರವಾಗಿಯೇ ನಿಲ್ಲಿಸಬಹುದು. ಮೂರು ನಾಲ್ಕು ವಾರ ದಾಟಿದರೆ ಹಂತಹಂತವಾಗಿ ಇಳಿಸಬೇಕು. ವರ್ಷದಲ್ಲಿ ನಾಲ್ಕೈದು ಸಲ ಇಂಥ ಕೋರ್ಸ್ ಆದವರು, ಮಂಡಿಗೆ ಮೇಲಿಂದ ಮೇಲೆ ಸ್ಟೀರಾಯ್ಡ್ ಚುಚ್ಚಿಸಿಕೊಂಡವರು, ಜೋರು ಪ್ರಮಾಣದ ಇನ್‌ಹೇಲರ್ ಬಳಸುವವರು ಅದನ್ನೂ ವೈದ್ಯರಿಗೆ ಹೇಳಬೇಕು.

ಇನ್ನೊಂದು ಗುಂಪಿದೆ, ತಾವು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವುದೇ ಗೊತ್ತಿಲ್ಲದವರು. ಮಂಡಿನೋವಿಗೋ ಉಬ್ಬಸಕ್ಕೋ ಹೆಸರಿಲ್ಲದ ಪೊಟ್ಟಣದ ಪುಡಿ ತಂದು ತಿಂದವರು ಇವರು. ಎರಡೇ ದಿನದಲ್ಲಿ ನೋವು ಮಾಯ, ಹಸಿವು ಜೋರು, ಮುಖ ದುಂಡಗಾಗಿ ಹೊಳಪು. ಪುಡಿ ಬಿಟ್ಟ ಕೂಡಲೇ ಹಾಸಿಗೆ ಹಿಡಿಯುವುದು. ಇಷ್ಟು ಕಂಡರೆ ಆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿದೆ ಎಂದು ಅನುಮಾನ ಪಡಲೇಬೇಕು. ಪೊಟ್ಟಣವನ್ನು ಎಸೆಯದೆ ವೈದ್ಯರಿಗೆ ತೋರಿಸಿ. 'ಬೈಯುತ್ತಾರೆ' ಎಂದು ಮುಚ್ಚಿಟ್ಟರೆ ಅಪಾಯ ನಿಮಗೇ.

ಜಿಮ್‌ನಲ್ಲಿ ಮೈ ಬೆಳೆಸಲು ಬಳಸುವ ಸ್ಟೀರಾಯ್ಡ್ ಬೇರೆಯದೇ ಕಥೆ, ಇಲ್ಲಿ ಅದರ ಮಾತಿಲ್ಲ. ಅಡ್ರಿನಲ್ ಅಥವಾ ಪಿಟ್ಯುಟರಿ ಗ್ರಂಥಿಯೇ ಕೆಟ್ಟು ಜೀವಮಾನವಿಡೀ ಸ್ಟೀರಾಯ್ಡ್ ಬೇಕಾದವರು ಇಳಿಸುವ ಯೋಚನೆಯನ್ನೇ ಮಾಡಬಾರದು. ಮಕ್ಕಳ ಲೆಕ್ಕಾಚಾರ ಮಕ್ಕಳ ವೈದ್ಯರದ್ದು.

2. ಮೋಟಾರು ಯಾಕೆ ಏಳುವುದಿಲ್ಲ

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರಿಸುತ್ತವೆ. ಆರೋಗ್ಯವಂತರ ಮೈಯಲ್ಲಿ ಒಂದು ದಿನಕ್ಕೆ ಹುಟ್ಟುವ ಕಾರ್ಟಿಸಾಲ್, ಪ್ರೆಡ್ನಿಸೋಲೋನ್ ಲೆಕ್ಕದಲ್ಲಿ ಸುಮಾರು 4ರಿಂದ 6 ಮಿಲಿಗ್ರಾಂನಷ್ಟು. ಎಷ್ಟು ಬೇಕು ಎಂದು ಅಪ್ಪಣೆ ಕೊಡುವುದು ಮೆದುಳಿನ ಹೈಪೋಥಲಾಮಸ್ ಮತ್ತು ಪಿಟ್ಯುಟರಿ.

ಮನೆಯ ಸಂಪಿಗೆ ದಿನವೂ ಟ್ಯಾಂಕರ್ ನೀರು ತುಂಬಿಸುತ್ತಿದ್ದೀರಿ ಎಂದುಕೊಳ್ಳಿ. ಸಂಪು ತುಂಬಿರುವುದನ್ನು ಕಂಡು ಬೋರ್‌ವೆಲ್ಲಿನ ಸ್ವಯಂಚಾಲಿತ ಸ್ವಿಚ್ಚು ಮೋಟಾರನ್ನು ಹಾಕುವುದೇ ಇಲ್ಲ. ವರ್ಷಗಟ್ಟಲೆ ಓಡದ ಮೋಟಾರು ತುಕ್ಕು ಹಿಡಿದು ಕೂತಿರುತ್ತದೆ. ಇವತ್ತು ಟ್ಯಾಂಕರ್ ನಿಲ್ಲಿಸಿದರೆ ನಾಳೆ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಟ್ಯಾಂಕರಿನ ನೀರನ್ನು ನಿಧಾನವಾಗಿ ಕಡಿಮೆ ಮಾಡಿ, ಸಂಪು ಸ್ವಲ್ಪ ಖಾಲಿಯಾಗುವುದನ್ನು ಸ್ವಿಚ್ಚಿಗೆ ತೋರಿಸಿ, ಮೋಟಾರು ಎದ್ದು ಓಡುವವರೆಗೆ ಕಾಯಬೇಕು. ಕೆಲವರಿಗೆ ವಾರಗಳು ಸಾಕು, ಹಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷದ ಮೇಲೂ ಹಿಡಿಯುತ್ತದೆ.

ಮೂಳೆಯ ಗಡಿಯಾರ ಇದಕ್ಕೆ ಉಲ್ಟಾ ಓಡುತ್ತದೆ. ಸ್ಟೀರಾಯ್ಡ್ ಶುರುವಾದ ಮೊದಲ ಮೂರರಿಂದ ಆರು ತಿಂಗಳಲ್ಲೇ ಮೂಳೆ ಅತಿ ವೇಗವಾಗಿ ಸವೆಯುತ್ತದೆ. ಹೊಸ ಮೂಳೆ ಕಟ್ಟುವ ಜೀವಕೋಶಗಳು ಸಾಯುತ್ತವೆ, ಕರುಳು ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗುತ್ತದೆ, ಮೂತ್ರದಲ್ಲಿ ಕ್ಯಾಲ್ಸಿಯಂ ಸೋರುತ್ತದೆ, ಜೊತೆಗೆ ತೊಡೆಯ ಸ್ನಾಯು ಸೊರಗಿ ಬೀಳುವ ಸಂಭವ ಹೆಚ್ಚುತ್ತದೆ. ಬೆನ್ನುಮೂಳೆ ಮತ್ತು ಪಕ್ಕೆಲುಬುಗಳ ಒಳಗಿನ ಜಾಲರಿಯಂಥ ಮೂಳೆಗೆ ಮೊದಲ ಪೆಟ್ಟು. ಮಾತ್ರೆ ನಿಂತ ಮೇಲೆ ಮುರಿತದ ಅಪಾಯ ಇಳಿಯುತ್ತದೆ, ಆದರೆ ಕೂಡಲೇ ಸೊನ್ನೆಗೆ ಬರುವುದಿಲ್ಲ. ಹೀಗಾಗಿ ಮಾತ್ರೆ ಇಳಿಸುವುದಕ್ಕೆ ಅವಸರ ಕೂಡದು, ಮೂಳೆಯ ಕೆಲಸಕ್ಕೆ ತಡ ಕೂಡದು. 'ಮೊದಲು ಮಾತ್ರೆ ಬಿಡೋಣ, ಆಮೇಲೆ ಮೂಳೆ ನೋಡೋಣ' ಎಂದವರೇ ಹೆಚ್ಚು, ನಾವೂ ಹಾಗೇ ಅಂದುಕೊಂಡಿದ್ದೆವು.

3. ಇಳಿಯುವ ಮೊದಲು ಕೇಳಬೇಕಾದ್ದು, ಅಳೆಯಬೇಕಾದ್ದು

ವೈದ್ಯರಿಗೆ ಮೊದಲ ಪ್ರಶ್ನೆ: ಮೂಲ ರೋಗ ಈಗ ತಣ್ಣಗಿದೆಯೇ? ಆಮವಾತವೋ, ಮೈಯ ರಕ್ಷಣಾ ವ್ಯವಸ್ಥೆಯೇ ಮೈಮೇಲೆ ತಿರುಗಿಬೀಳುವ ಲೂಪಸ್ಸೋ ಒಳಗೇ ಕುದಿಯುತ್ತಿದ್ದರೆ ಇಳಿಸಿದಷ್ಟೂ ಮತ್ತೆ ಏರಿಸಬೇಕಾಗುತ್ತದೆ. ಎರಡನೆಯದು: ಸ್ಟೀರಾಯ್ಡ್ ಹೊರುತ್ತಿದ್ದ ಹೊರೆಯನ್ನು ಹೊರುವ ಬೇರೆ ಔಷಧ ಇದೆಯೇ? ಆಮವಾತಕ್ಕೆ ಮೆಥೋಟ್ರೆಕ್ಸೇಟ್, ಲೂಪಸ್‌ನಂಥವಕ್ಕೆ ಅಜಥಯೋಪ್ರಿನ್, ಮೈಕೋಫೆನೋಲೇಟ್ ಈ ಕೆಲಸ ಮಾಡುತ್ತವೆ. ಅವು ಕೆಲಸ ಶುರುಮಾಡಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ದೊಡ್ಡಮ್ಮನಿಗೆ ಆರು ವರ್ಷ ಇದನ್ನು ಯಾರೂ ಕೊಟ್ಟಿರಲಿಲ್ಲ, ಹಳೆಯ ಚೀಟಿಯನ್ನೇ ಹಿಡಿದು ಅಂಗಡಿಯಿಂದ ತರುತ್ತಿದ್ದೆವು. ಇದರಲ್ಲಿ ತಪ್ಪು ನಮ್ಮದೂ ಇದೆ.

ನಂತರ ಮೂಳೆ. ಡೆಕ್ಸಾ ಸ್ಕ್ಯಾನ್‌ನಲ್ಲಿ ಸೊಂಟ ಮತ್ತು ಬೆನ್ನಿನ ಮೂಳೆಯ ಸಾಂದ್ರತೆ ಅಳೆಯುತ್ತಾರೆ. ಹತ್ತು ಹದಿನೈದು ನಿಮಿಷದ ಕೆಲಸ, ನೋವಿಲ್ಲ. ಆರೋಗ್ಯವಂತ ಯೌವನದ ಮೂಳೆಗೆ ಹೋಲಿಸಿ ಕೊಡುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತ ಎನ್ನುತ್ತಾರೆ. ಇಲ್ಲೊಂದು ಎಚ್ಚರ: ಸ್ಟೀರಾಯ್ಡ್ ತಿಂದವರ ಮೂಳೆ, ಸ್ಕೋರು ಅಷ್ಟೇನೂ ಕೆಟ್ಟಿಲ್ಲದಿದ್ದರೂ ಮುರಿಯುತ್ತದೆ. ಮೈನಸ್ 1.8 ನೋಡಿ ಮನೆಯವರು ನಿಟ್ಟುಸಿರು ಬಿಡುವುದು ಬೇಡ. ಹಿಂದೆ ಮುರಿತ ಆಗಿದೆಯೇ, ವಯಸ್ಸೆಷ್ಟು, ಮಾತ್ರೆಯ ಪ್ರಮಾಣ ಎಷ್ಟು ಎಂಬುದನ್ನೆಲ್ಲ ಸೇರಿಸಿ ತೂಗಬೇಕು. ಯೌವನದ ಎತ್ತರಕ್ಕಿಂತ 4 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಕುಗ್ಗಿದ್ದರೆ ಬೆನ್ನಿನ ಪಕ್ಕದಿಂದ ಎಕ್ಸ್‌ರೇ ತೆಗೆಸಿ. ಬೆನ್ನುಮೂಳೆಯ ಬಹಳಷ್ಟು ಮುರಿತಗಳು ಸದ್ದಿಲ್ಲದೆ ಆಗುತ್ತವೆ. ಯೌವನದ ಎತ್ತರ ಯಾರಿಗೆ ನೆನಪಿರುತ್ತದೆ ಎಂದರೆ, ಹಳೆಯ ಪಾಸ್‌ಪೋರ್ಟು, ಕೆಲಸಕ್ಕೆ ಸೇರುವಾಗಿನ ವೈದ್ಯಕೀಯ ಪ್ರಮಾಣಪತ್ರ ಹುಡುಕಿ. ಇಲ್ಲವಾದರೆ ಸೀರೆ ಇದೆಯಲ್ಲ.

ರಕ್ತದಲ್ಲಿ ವಿಟಮಿನ್ ಡಿ, ಕ್ಯಾಲ್ಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಸಬೇಕು. ಮೂತ್ರಪಿಂಡದ ಶಕ್ತಿ ಗೊತ್ತಿಲ್ಲದೆ ಕೆಲವು ಮೂಳೆಯ ಔಷಧಗಳನ್ನು ಕೊಡಲಾಗದು. ಹಲ್ಲಿನ ಕೆಲಸ ಬಾಕಿ ಇದ್ದರೆ ಈಗಲೇ ಮುಗಿಸಿಕೊಳ್ಳಿ, ಕಾರಣ ಮುಂದೆ ಹೇಳುತ್ತೇನೆ. ಕಣ್ಣನ್ನೂ ಒಮ್ಮೆ ತೋರಿಸಿ. ಸ್ಟೀರಾಯ್ಡ್ ಪೊರೆ ತರಿಸುತ್ತದೆ, ಮಂಜುಗಣ್ಣಿನವರು ಎಡವಿ ಬೀಳುತ್ತಾರೆ.

4. ಕ್ಯಾಲೆಂಡರ್ ಮೇಲೆ ಬರೆದು ಇಳಿಸಿ

ನಮ್ಮ ಅಡುಗೆಮನೆಯಲ್ಲಿ ತೂಗುವುದು ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರ್. ಪ್ರತಿ ತಾರೀಖಿನ ಚೌಕದಲ್ಲಿ ಆ ದಿನದ ಪ್ರಮಾಣವನ್ನು ನೀಲಿ ಪೆನ್ನಿನಲ್ಲಿ ಬರೆದೆವು, ನುಂಗಿದ ಮೇಲೆ ದೊಡ್ಡಮ್ಮ ಕೆಂಪು ಪೆನ್ನಿನಲ್ಲಿ ಗೀಟು ಎಳೆಯುತ್ತಿದ್ದರು. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ, ಏಕಾದಶಿ, ಅದರ ಪಕ್ಕದಲ್ಲೇ '7.5'. ಮೊಬೈಲಿನ ಯಾವ ಆ್ಯಪ್ ಕೂಡ ಇಷ್ಟು ಚೆನ್ನಾಗಿ ನಡೆಯುತ್ತಿರಲಿಲ್ಲ.

ಇಳಿಸುವ ವೇಗ ರೋಗದ ಮೇಲೆ ನಿಂತಿದೆ. ಸಾಮಾನ್ಯವಾಗಿ ವೈದ್ಯರು ಅನುಸರಿಸುವ ಕ್ರಮ ಹೀಗಿರುತ್ತದೆ: ದಿನಕ್ಕೆ 40 ಮಿಲಿಗ್ರಾಂಗಿಂತ ಮೇಲಿದ್ದರೆ ವಾರಕ್ಕೆ 5ರಿಂದ 10 ಮಿಲಿಗ್ರಾಂ ಇಳಿಕೆ. 40ರಿಂದ 20ರವರೆಗೆ ವಾರಕ್ಕೆ 5. 20ರಿಂದ 10ರವರೆಗೆ, ಒಂದರಿಂದ ನಾಲ್ಕು ವಾರಕ್ಕೊಮ್ಮೆ 1ರಿಂದ 2.5. 10ರಿಂದ 5ರವರೆಗೆ, ಒಂದರಿಂದ ನಾಲ್ಕು ವಾರಕ್ಕೊಮ್ಮೆ 1 ಮಿಲಿಗ್ರಾಂ. ಮೇಲೆ ದೊಡ್ಡ ಮೆಟ್ಟಿಲು, ಕೆಳಗೆ ಬಂದಷ್ಟೂ ಸಣ್ಣ ಮೆಟ್ಟಿಲು. 40ರಲ್ಲಿ 5 ಕಳೆದರೆ ಎಂಟರಲ್ಲಿ ಒಂದು ಪಾಲು, 10ರಲ್ಲಿ 5 ಕಳೆದರೆ ಅರ್ಧಕ್ಕರ್ಧ. ಮೈಗೆ ಗೊತ್ತಾಗುವುದು ಪಾಲಿನ ಲೆಕ್ಕ. ವಯಸ್ಸಾದವರ ಭುಜ, ಸೊಂಟ ಬಿಗಿಯುವ ಪಾಲಿಮಯಾಲ್ಜಿಯಾದಂಥ ರೋಗದಲ್ಲಿ 10ಕ್ಕೆ ಬಂದ ಮೇಲೆ ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಒಂದೇ ಮಿಲಿಗ್ರಾಂ ಇಳಿಸುವುದುಂಟು, ಅಂದರೆ ಸೊನ್ನೆ ಮುಟ್ಟಲು ಸುಮಾರು ಒಂಬತ್ತು ತಿಂಗಳಿಂದ ಒಂದೂವರೆ ವರ್ಷ.

1 ಮಿಲಿಗ್ರಾಂ ಮಾತ್ರೆ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. 5ರ ಮಾತ್ರೆಯನ್ನು ಮಾತ್ರೆ ಕತ್ತರಿಸುವ ಸಣ್ಣ ಡಬ್ಬಿಯಲ್ಲಿ ಅರ್ಧ ಮಾಡಬಹುದು. ಈಳಿಗೆಮಣೆಯ ಮೇಲೆ ಪ್ರಯೋಗ ಮಾಡಿದ್ದೇವೆ, ಒಂದು ಚೂರು ಒಲೆಯ ಕೆಳಗೆ ಹೋಯಿತು. 7.5ರಿಂದ 5ಕ್ಕೆ ಒಂದೇ ಸಲ ಇಳಿಯಲಾಗದಿದ್ದರೆ ವೈದ್ಯರನ್ನು ಕೇಳಿ, ಒಂದು ದಿನ 7.5, ಮರುದಿನ 5 ಎಂದು ಎರಡು ವಾರ ನಡೆಸಿ ನಂತರ ಪೂರ್ತಿ 5ಕ್ಕೆ ಬರಬಹುದು. ಅದು 6.25ಕ್ಕೆ ಸಮ. ಮಾತ್ರೆಯನ್ನು ಬೆಳಿಗ್ಗೆ ತಿಂಡಿಯ ಜೊತೆಗೆ ತೆಗೆದುಕೊಳ್ಳಿ, ನಮ್ಮ ಕಾರ್ಟಿಸಾಲ್ ಏರುವುದೂ ಬೆಳಗಿನ ಹೊತ್ತಿನಲ್ಲೇ. ರಾತ್ರಿ ತೆಗೆದುಕೊಂಡರೆ ನಿದ್ದೆ ಹಾರುತ್ತದೆ, ಮೋಟಾರೂ ತಡವಾಗಿ ಏಳುತ್ತದೆ.

ಸಕ್ಕರೆ ಕಾಯಿಲೆ ಇರುವವರು ಇದನ್ನು ಮರೆಯಬೇಡಿ: ಸ್ಟೀರಾಯ್ಡ್ ಇಳಿದಂತೆ ರಕ್ತದ ಸಕ್ಕರೆಯೂ ಇಳಿಯುತ್ತದೆ. ಇನ್ಸುಲಿನ್ ಹಳೆಯ ಪ್ರಮಾಣದಲ್ಲೇ ಮುಂದುವರಿದರೆ ಬೆಳಗಿನ ಜಾವ ಬೆವೆತು ಕುಸಿಯುವ ಅಪಾಯವಿದೆ. ಪ್ರತಿ ಮೆಟ್ಟಿಲಿನ ನಂತರ ಒಂದು ವಾರ ಮನೆಯಲ್ಲೇ ಸಕ್ಕರೆ ನೋಡಿಕೊಳ್ಳಿ. ಬಿಪಿ ಮಾತ್ರೆಯನ್ನೂ ಮರುಪರಿಶೀಲಿಸಬೇಕಾಗಬಹುದು.

ಬೇರೆ ಔಷಧಗಳೂ ನಡುವೆ ಕೈಯಾಡಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್ ಸ್ಟೀರಾಯ್ಡನ್ನು ಬೇಗ ಕರಗಿಸಿಬಿಡುತ್ತವೆ, ಲೆಕ್ಕದಲ್ಲಿ 10 ನುಂಗಿದರೂ ಮೈಗೆ ಅಷ್ಟು ದಕ್ಕುವುದಿಲ್ಲ. ಹುಳುಕಡ್ಡಿಗೆಂದು ಚರ್ಮದ ವೈದ್ಯರು ಬರೆಯುವ ಇಟ್ರಾಕೊನಜೋಲ್ ಇದಕ್ಕೆ ವಿರುದ್ಧ, ಸ್ಟೀರಾಯ್ಡನ್ನು ಮೈಯಲ್ಲೇ ಹೆಚ್ಚು ಹೊತ್ತು ಹಿಡಿದಿಡುತ್ತದೆ. ಹೊಸ ವೈದ್ಯರ ಬಳಿ ಹೋದಾಗ ಕ್ಯಾಲೆಂಡರಿನ ಫೋಟೋ ತೋರಿಸಿ.

5. ಕೊನೆಯ 5 ಮಿಲಿಗ್ರಾಂ

60ರಿಂದ 10ಕ್ಕೆ ಬಂದವರು ಗೆದ್ದೆವು ಎಂದುಕೊಳ್ಳುತ್ತಾರೆ. ನಿಜವಾದ ಕೆಲಸ ಶುರುವಾಗುವುದು 5ರ ಆಸುಪಾಸಿನಲ್ಲಿ, ಯಾಕೆಂದರೆ ಮೈಗೆ ದಿನವೂ ಬೇಕಾದಷ್ಟು ಇರುವುದೇ ಅಲ್ಲಿ. ಅದರ ಕೆಳಗೆ ಇಳಿದರೆ ಉಳಿದದ್ದನ್ನು ನಿಮ್ಮ ಗ್ರಂಥಿಯೇ ತುಂಬಬೇಕು.

ಇಲ್ಲಿ ಎರಡು ದಾರಿಗಳಿವೆ. ತೊಂದರೆ ಏನೂ ಕಾಣದಿದ್ದರೆ ನಾಲ್ಕು ವಾರಕ್ಕೊಮ್ಮೆ 1 ಮಿಲಿಗ್ರಾಂನಂತೆ ಇಳಿಯುತ್ತಾ ಹೋಗುವುದು ಒಂದು. ಬೆಳಗಿನ ಕಾರ್ಟಿಸಾಲ್ ಪರೀಕ್ಷೆ ಮಾಡಿಸಿ ನೋಡಿಕೊಂಡು ಇಳಿಯುವುದು ಇನ್ನೊಂದು. ರಕ್ತವನ್ನು ಬೆಳಿಗ್ಗೆ 8ರಿಂದ 9ರೊಳಗೆ ಕೊಡಬೇಕು, ಹಿಂದಿನ ಮಾತ್ರೆ ನುಂಗಿ 24 ಗಂಟೆಯಾದರೂ ಆಗಿರಬೇಕು, ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಬೇಕು. ಹನ್ನೊಂದು ಗಂಟೆಗೆ ಹೋಗಿ ಕೊಟ್ಟ ರಕ್ತದ ವರದಿಗೆ ಅರ್ಥವಿಲ್ಲ. ಫಲಿತಾಂಶ ಒಂದು ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಮೇಲಿದ್ದರೆ ಮೋಟಾರು ಎದ್ದಿದೆ, ವೈದ್ಯರು ನಿಲ್ಲಿಸಲು ಹೇಳಬಹುದು. 5ರಿಂದ 10ರ ನಡುವೆ ಇದ್ದರೆ ಎಚ್ಚರಗೊಳ್ಳುತ್ತಿದೆ, ಅದೇ ಪ್ರಮಾಣದಲ್ಲಿ ಇದ್ದು ಕೆಲವು ವಾರ ಅಥವಾ ತಿಂಗಳು ಬಿಟ್ಟು ಮತ್ತೆ ನೋಡಬೇಕು. 5ಕ್ಕಿಂತ ಕೆಳಗಿದ್ದರೆ ಇನ್ನೂ ಗಾಢ ನಿದ್ದೆ, ಕೆಲವು ತಿಂಗಳು ಕಾಯಬೇಕು. ದೊಡ್ಡಮ್ಮನ ಮೊದಲ ವರದಿ 3.9. ಅವರ ಮುಖ ಸಣ್ಣದಾಯಿತು. ಮೂರು ತಿಂಗಳ ನಂತರ 7, ಇನ್ನೊಂದು ನಾಲ್ಕು ತಿಂಗಳಿಗೆ 11.2.

ಡೆಕ್ಸಾಮೆಥಾಸೋನಿನಂಥ ದೀರ್ಘಕಾಲ ಮೈಯಲ್ಲಿ ನಿಲ್ಲುವ ಮಾತ್ರೆಯಲ್ಲೇ ಇದ್ದರೆ ಈ ಹಂತಕ್ಕೆ ಬರುವಾಗ ಪ್ರೆಡ್ನಿಸೋಲೋನ್ ಅಥವಾ ಹೈಡ್ರೋಕಾರ್ಟಿಸೋನಿಗೆ ಬದಲಿಸಿಕೊಳ್ಳುವುದು ಕ್ರಮ. ಗರ್ಭನಿರೋಧಕ ಮಾತ್ರೆ ಅಥವಾ ಈಸ್ಟ್ರೋಜೆನ್ ನುಂಗುವ ಹೆಂಗಸರಲ್ಲಿ ಕಾರ್ಟಿಸಾಲ್ ಸುಳ್ಳಾಗಿ ಹೆಚ್ಚು ತೋರುತ್ತದೆ, ಮೊದಲೇ ತಿಳಿಸಿ.

6. ಈ ನೋವು ಯಾವ ನೋವು?

ಇಳಿಸುವಾಗ ಮೈಕೈ ನೋವು, ಸುಸ್ತು, ಬೇಸರ, ಹಸಿವು ಕಡಿಮೆಯಾಗುವುದು ಬಹಳ ಜನರಿಗೆ ಆಗುತ್ತದೆ. ಮೈ ಹೆಚ್ಚಿನ ಸ್ಟೀರಾಯ್ಡಿಗೆ ಒಗ್ಗಿಹೋಗಿ, ಈಗ ಸಿಗುತ್ತಿರುವುದು ಸಾಲದು ಎಂದು ಗೊಣಗುವುದು ಅದು. ಸಾಮಾನ್ಯವಾಗಿ ಮೆಟ್ಟಿಲು ಇಳಿದ ಮೊದಲ ಕೆಲವು ದಿನ ಜೋರಾಗಿದ್ದು ತಾನಾಗಿ ತಗ್ಗುತ್ತದೆ. ಸಹಿಸಲಾಗದಿದ್ದರೆ ಹಿಂದಿನ ಮೆಟ್ಟಿಲಿಗೆ ಹೋಗಿ, ಇನ್ನೂ ನಿಧಾನವಾಗಿ ಇಳಿಯಬಹುದು. ಮೇಲಿನ ತುದಿಗೆ ಓಡುವ ಅಗತ್ಯವಿಲ್ಲ.

ರೋಗವೇ ಮರುಕಳಿಸಿದರೆ ಅದಕ್ಕೆ ಅದರದ್ದೇ ಗುರುತು ಇರುತ್ತದೆ. ಆಮವಾತವಾದರೆ ಬೆರಳಿನ ಗಿಣ್ಣು ಕಣ್ಣಿಗೆ ಕಾಣುವಂತೆ ಊದುತ್ತದೆ, ಬೆಳಿಗ್ಗೆ ಗಂಟೆಗಟ್ಟಲೆ ಬಿಗಿತ, ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಏರಿರುತ್ತವೆ. ಗ್ರಂಥಿ ಸೋತಿದ್ದರೆ ಎದ್ದು ನಿಂತ ಕೂಡಲೇ ಕಣ್ಣು ಕತ್ತಲು, ವಾಕರಿಕೆ, ವಾಂತಿ, ಹೊಟ್ಟೆನೋವು, ಬಿಪಿ ಕುಸಿತ, ಮಂಕು. ಇದು ಕಾಯುವ ಕೆಲಸವಲ್ಲ, ಅದೇ ಹೊತ್ತಿನಲ್ಲಿ ಆಸ್ಪತ್ರೆ.

ಇನ್ನೊಂದು ನೋವಿದೆ, ಅದನ್ನು ಬೇರೆಯಾಗಿ ನೆನಪಿಡಿ. ತೊಡೆಸಂದಿನಲ್ಲಿ ನೋವು, ಕಾಲು ಊರಿದರೆ ಹೆಚ್ಚು. ಸ್ಟೀರಾಯ್ಡಿನಿಂದ ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಆ ಭಾಗ ಸಾಯುವುದುಂಟು, ಮಾತ್ರೆ ಬಿಟ್ಟ ಎಷ್ಟೋ ತಿಂಗಳ ಮೇಲೂ ಇದು ತಲೆ ಎತ್ತಬಹುದು. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣುತ್ತದೆ, ಎಂಆರ್‌ಐ ಬೇಕು.

7. ಪರ್ಸಿನಲ್ಲಿ ಒಂದು ಚೀಟಿ

ಜ್ವರ, ಶಸ್ತ್ರಚಿಕಿತ್ಸೆ, ಅಪಘಾತದಲ್ಲಿ ಆರೋಗ್ಯವಂತರ ಗ್ರಂಥಿ ಕಾರ್ಟಿಸಾಲನ್ನು ಹಲವು ಪಟ್ಟು ಏರಿಸುತ್ತದೆ. ಮಲಗಿರುವ ಗ್ರಂಥಿಗೆ ಅದು ಆಗದು. ಆದ್ದರಿಂದ ಜ್ವರ ಬಂದರೆ ಎಷ್ಟು ಏರಿಸಬೇಕು ಎಂದು ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ. 10 ಮಿಲಿಗ್ರಾಂ ಅಥವಾ ಹೆಚ್ಚಿಗೆ ನುಂಗುತ್ತಿದ್ದರೆ ಸಾಧಾರಣ ಜ್ವರಕ್ಕೆ ಅದೇ ಸಾಕಾಗುವುದುಂಟು, ಅದಕ್ಕಿಂತ ಕಡಿಮೆ ಇದ್ದರೆ ಜ್ವರ ಇಳಿಯುವವರೆಗೆ 10ಕ್ಕೆ ಏರಿಸಿ ಮತ್ತೆ ಹಳೆಯ ಮೆಟ್ಟಿಲಿಗೆ ಬರಲು ಹೇಳುತ್ತಾರೆ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಚುಚ್ಚುಮದ್ದೇ ಗತಿ.

ದೊಡ್ಡಮ್ಮನ ಪರ್ಸಿನಲ್ಲಿ, ಆಧಾರ್ ಕಾರ್ಡಿನ ಹಿಂದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಲ್ಯಾಮಿನೇಷನ್ ಮಾಡಿಸಿದ ಚೀಟಿ ಹೀಗಿದೆ:

"ನಾನು ದೀರ್ಘಕಾಲ ಪ್ರೆಡ್ನಿಸೋಲೋನ್ ತೆಗೆದುಕೊಂಡಿದ್ದೇನೆ. ಅಡ್ರಿನಲ್ ಗ್ರಂಥಿ ಸರಿಯಾಗಿ ಕೆಲಸ ಮಾಡದೇ ಇರಬಹುದು. ವಾಂತಿ, ಪ್ರಜ್ಞೆ ತಪ್ಪುವುದು, ಅಪಘಾತ ಅಥವಾ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಚುಚ್ಚುಮದ್ದು ತಡಮಾಡದೆ ಕೊಡಿ. ಮನೆಯವರ ಫೋನ್, ವೈದ್ಯರ ಫೋನ್, ಈಗಿನ ಪ್ರಮಾಣ."

ಹಲ್ಲು ಕೀಳಿಸುವಾಗಲೂ ತೋರಿಸಿ.

8. ಮೂಳೆಯ ಔಷಧ

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಆಮವಾತದಿಂದ ನರಳುತ್ತಿದ್ದ ಹೆಂಗಸಿಗೆ ಮೊದಲ ಸಲ ಕಾರ್ಟಿಸೋನ್ ಚುಚ್ಚಿದಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. ಎರಡೇ ವರ್ಷಕ್ಕೆ ಅದರ ಹಿಂದಿನ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂತು. ಮೂಳೆಯ ಬೆಲೆ ತೆರಬೇಕೆಂದು ಗೊತ್ತಾಗಲೂ ಹೆಚ್ಚು ಕಾಲ ಹಿಡಿಯಲಿಲ್ಲ. ಆದರೂ ಈಗಲೂ ಎಷ್ಟೋ ಚೀಟಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಗ್ಯಾಸಿನ ಮಾತ್ರೆ ಇರುತ್ತದೆ, ಮೂಳೆಯ ಔಷಧ ಇರುವುದಿಲ್ಲ. ಕೇಳಿ ಪಡೆಯಬೇಕು.

ಮುರಿತದ ಅಪಾಯ ಮಧ್ಯಮ ಅಥವಾ ಹೆಚ್ಚು ಇರುವವರಿಗೆ ಕ್ಯಾಲ್ಸಿಯಂ ಮಾತ್ರೆಯೊಂದೇ ಸಾಲದು. ಸಾಮಾನ್ಯವಾಗಿ ಮೊದಲು ಬರುವುದು ಅಲೆಂಡ್ರೋನೇಟ್, ವಾರಕ್ಕೊಂದು 70 ಮಿಲಿಗ್ರಾಂ ಮಾತ್ರೆ. ಇದನ್ನು ನುಂಗುವುದೇ ಒಂದು ವ್ರತ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರಿ ನೀರಿನ ಜೊತೆ. ಕಾಫಿ ಇಲ್ಲ, ಹಾಲಿಲ್ಲ. ಅರ್ಧ ಗಂಟೆ ಕೂತಿರಬೇಕು ಅಥವಾ ಓಡಾಡಬೇಕು, ಮಲಗಕೂಡದು, ಬಗ್ಗಕೂಡದು. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ದೊಡ್ಡಮ್ಮ ಭಾನುವಾರ ಆರಿಸಿಕೊಂಡರು, ಕಾಫಿ ಅರ್ಧ ಗಂಟೆ ತಡವಾಗುವುದೇ ಅವರಿಗೆ ಈ ಇಡೀ ಚಿಕಿತ್ಸೆಯ ಅತಿ ದೊಡ್ಡ ಕಷ್ಟ. ನುಂಗಲು ತೊಂದರೆ ಇರುವವರಿಗೆ ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ 5 ಮಿಲಿಗ್ರಾಂ ಜೋಲೆಡ್ರೋನಿಕ್ ಆಸಿಡ್ ಇದೆ. ಮೊದಲ ಸಲ ಒಂದೆರಡು ದಿನ ಜ್ವರ, ಮೈನೋವು ಬರಬಹುದು. ಈ ಔಷಧಗಳು ಮೂತ್ರಪಿಂಡ ತೀರಾ ದುರ್ಬಲವಾದವರಿಗೆ ಹೊಂದುವುದಿಲ್ಲ, ಮುಂದೆ ಮಗು ಬೇಕೆನ್ನುವ ಹೆಂಗಸರು ಮೊದಲೇ ಚರ್ಚಿಸಬೇಕು. ಅಪರೂಪಕ್ಕೆ, ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮಾಯದೆ ಉಳಿಯುತ್ತದೆ, ಹಲ್ಲಿನ ಕೆಲಸ ಮೊದಲೇ ಮುಗಿಸಿ ಎಂದದ್ದು ಅದಕ್ಕೆ.

ಈಗಾಗಲೇ ಬೆನ್ನು ಕುಸಿದವರಿಗೆ ಹೊಸ ಮೂಳೆ ಕಟ್ಟಿಸುವ ಟೆರಿಪ್ಯಾರಟೈಡ್ ಎಂಬ ದಿನನಿತ್ಯದ ಚುಚ್ಚುಮದ್ದನ್ನು ಕೊಡುವುದುಂಟು. ದುಬಾರಿ, ಆದರೆ ಸ್ಟೀರಾಯ್ಡ್ ಕೆಡಿಸುವುದು ಮೂಳೆ ಕಟ್ಟುವ ಕೆಲಸವನ್ನೇ ಆದ್ದರಿಂದ ಇದಕ್ಕೆ ತರ್ಕವಿದೆ. ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮಾಬ್ ಇನ್ನೊಂದು. ಅದರ ವಿಷಯದಲ್ಲಿ ದಿನಾಂಕ ತಪ್ಪಿಸಲೇಬಾರದು. ತಡವಾದರೆ ಅಥವಾ ಬೇರೆ ಔಷಧಕ್ಕೆ ದಾಟದೆ ಬಿಟ್ಟುಬಿಟ್ಟರೆ ಕಟ್ಟಿದ ಮೂಳೆ ವೇಗವಾಗಿ ಕರಗಿ ಒಂದರ ಮೇಲೊಂದು ಬೆನ್ನುಮೂಳೆ ಕುಸಿಯಬಹುದು.

9. ರಾಗಿ, ಹಾಲು, ಎಳ್ಳು, ಉಪ್ಪು

ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1000ದಿಂದ 1200 ಮಿಲಿಗ್ರಾಂ, ಊಟ ಮತ್ತು ಮಾತ್ರೆ ಎರಡೂ ಸೇರಿ. ಈ ವಿಷಯದಲ್ಲಿ ನಮ್ಮ ಕಡೆಯ ಅಡುಗೆಮನೆ ಬಡವಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ. 200 ಮಿಲಿಲೀಟರಿನ ಒಂದು ಲೋಟ ಹಾಲಿನಲ್ಲಿ ಸುಮಾರು 240, ಒಂದು ಬಟ್ಟಲು ಮೊಸರಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಸಿಪ್ಪೆ ತೆಗೆಯದ ಎಳ್ಳಿನ ಪುಡಿ ಎರಡು ಚಮಚ ಉದುರಿಸಿಕೊಂಡರೆ ಇನ್ನೊಂದು ನೂರು. ಕ್ಯಾಲ್ಸಿಯಂ ಇರುವುದು ಎಳ್ಳಿನ ಸಿಪ್ಪೆಯಲ್ಲೇ ಹೆಚ್ಚು, ಬೆಳ್ಳಗೆ ಪಾಲಿಷ್ ಆದದ್ದರಲ್ಲಿ ಉಳಿಯುವುದು ಅಲ್ಪ. ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಕರಾವಳಿಯವರಿಗೆ ಮುಳ್ಳುಸಹಿತ ತಿನ್ನುವ ಸಣ್ಣ ಮೀನು. ರಾಗಿಯಲ್ಲಿರುವ ಫೈಟೇಟ್ ಸ್ವಲ್ಪ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಕಟ್ಟಿಸಿ ಹಿಟ್ಟು ಮಾಡಿಸಿದರೆ ಅಥವಾ ಹುಳಿ ಬರಿಸಿ ಅಂಬಲಿ ಮಾಡಿದರೆ ಅದು ತಗ್ಗುತ್ತದೆ. ಪಾಲಕ್ ಸೊಪ್ಪನ್ನು ಕ್ಯಾಲ್ಸಿಯಂಗಾಗಿ ನಂಬಬೇಡಿ, ಅದರ ಆಕ್ಸಲೇಟ್ ಬಿಡುವುದಿಲ್ಲ.

ಊಟದಲ್ಲಿ ಸಾಲದಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿಸಿ, ಒಂದು ಸಲಕ್ಕೆ 500 ಮಿಲಿಗ್ರಾಂ ಮೀರದಂತೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ. ಗ್ಯಾಸಿನ ಮಾತ್ರೆಯಾದ ಪ್ಯಾಂಟಪ್ರಜೋಲ್ ನುಂಗುವವರಿಗೆ ಸಿಟ್ರೇಟ್ ರೂಪ ಒಗ್ಗುತ್ತದೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ, ಅಲೆಂಡ್ರೋನೇಟ್ ನುಂಗುವ ದಿನ ಕ್ಯಾಲ್ಸಿಯಂ ಮಧ್ಯಾಹ್ನಕ್ಕೆ. ಅಂದ ಹಾಗೆ, ಆ ಪ್ಯಾಂಟಪ್ರಜೋಲ್ ಇನ್ನೂ ಬೇಕೇ ಎಂದು ಕೇಳಿ. ವರ್ಷಗಟ್ಟಲೆ ನುಂಗಿದವರಲ್ಲಿ ಮುರಿತ ಹೆಚ್ಚು ಕಂಡುಬಂದಿದೆ, ಸ್ಟೀರಾಯ್ಡ್ ನಿಂತ ಮೇಲೂ ಅದೊಂದು ಅಭ್ಯಾಸವಾಗಿ ಉಳಿದುಬಿಡುತ್ತದೆ.

ವಿಟಮಿನ್ ಡಿ ಕಡಿಮೆ ಇದ್ದರೆ 60,000 ಯೂನಿಟ್ಟಿನ ಪುಡಿ ಅಥವಾ ಕ್ಯಾಪ್ಸೂಲನ್ನು ವಾರಕ್ಕೊಂದರಂತೆ ಎಂಟು ವಾರ ಬರೆಯುವುದು ರೂಢಿ. ವಾರಕ್ಕೊಂದು. ದಿನಕ್ಕೊಂದು ಎಂದು ತಪ್ಪು ಓದಿಕೊಂಡು ಆಸ್ಪತ್ರೆ ಸೇರುವವರು ಇದ್ದಾರೆ.

ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಇಲ್ಲದೆ ಮೊಸರನ್ನ ಇಳಿಯುವುದಿಲ್ಲ ಎನ್ನುವವರಿಗೆ ಏನು ಹೇಳಲಿ, ನಾನೂ ಆ ಪಂಗಡದವನೇ. ಸ್ವಲ್ಪ ಕಡಿಮೆ ಮಾಡಿ. ಕಾಳಿನ ಸಾರು, ಮೊಟ್ಟೆ, ಮೀನು, ಬೇಳೆ ಹೆಚ್ಚಿಸಿ, ಸೊರಗಿದ ಸ್ನಾಯುವಿಗೆ ಪ್ರೋಟೀನ್ ಬೇಕು. ಬೀಡಿ, ಸಿಗರೇಟು, ಮದ್ಯ ಮೂಳೆಗೆ ನೇರ ವಿಷ.

10. ತೊಡೆಗೆ ಬಲ, ಬಚ್ಚಲಿಗೆ ಬೆಳಕು

ನೆಲದ ಮೇಲೆ ಕೂತವರು ಕೈ ಊರದೆ ಏಳಲಾರರು, ಬಸ್ಸಿನ ಮೆಟ್ಟಿಲು ಹತ್ತಲು ಕಂಬಿ ಹಿಡಿದು ಜಗ್ಗಬೇಕು ಎಂದರೆ ಸ್ಟೀರಾಯ್ಡ್ ತೊಡೆಯನ್ನು ತಿಂದಿದೆ ಎಂದರ್ಥ. ಪ್ರಮಾಣ ಇಳಿದಂತೆ ಅದು ತಿಂಗಳುಗಳಲ್ಲಿ ಮರಳುತ್ತದೆ, ನೀವು ಕೆಲಸ ಕೊಟ್ಟರೆ. ಗಟ್ಟಿ ಕುರ್ಚಿಯಿಂದ ಕೈ ಬಳಸದೆ ಎದ್ದು ಕೂರುವುದು, ಐದರಿಂದ ಶುರುಮಾಡಿ ಹತ್ತು ಸಲ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಸಾರು ಕುದಿಯುವಷ್ಟು ಹೊತ್ತು. ದಿನವೂ ಬಿಸಿಲಲ್ಲಿ ಅರ್ಧ ಗಂಟೆ ನಡಿಗೆ.

ಬೆನ್ನುಮೂಳೆ ಕುಸಿದವರು ಮುಂದಕ್ಕೆ ಬಾಗುವ ಆಸನಗಳಿಂದ ದೂರ ಇರಬೇಕು. ಪಶ್ಚಿಮೋತ್ತಾನಾಸನ, ಪಾದಹಸ್ತಾಸನ, ಹಲಾಸನ ಬೇಡ. ಸೂರ್ಯನಮಸ್ಕಾರವೂ ಬೇಡ. ಯೋಗ ಶಿಬಿರದಲ್ಲಿ ಎಲ್ಲರ ಜೊತೆ ಮಾಡಿಸಿಬಿಡುತ್ತಾರೆ, ಮೊದಲೇ ಹೇಳಿ ಕೂತುಬಿಡಿ. ಮನೆಯಲ್ಲಿ ಗಿಡ್ಡ ಪೊರಕೆಯ ಬದಲು ಕೋಲು ಕಟ್ಟಿದ ಪೊರಕೆ, ತುಂಬಿದ ಬಿಂದಿಗೆಯ ಬದಲು ಚೊಂಬು ಚೊಂಬಾಗಿ ನೀರು, ಅಟ್ಟದ ಮೇಲಿನ ಇಡ್ಲಿ ಪಾತ್ರೆ ಕೆಳಗಿನ ಗೂಡಿಗೆ. ದೊಡ್ಡಮ್ಮ ರಂಗೋಲಿಯನ್ನು ಬಿಡಲಿಲ್ಲ. ಒಂದು ಗಿಡ್ಡ ಸ್ಟೂಲ್ ಹಾಕಿಕೊಂಡು, ಬೆನ್ನು ನೆಟ್ಟಗಿಟ್ಟು, ಚಿಕ್ಕದಾಗಿ ಬಿಡಿಸುತ್ತಾರೆ.

ಮೂಳೆ ಮುರಿಯಲು ಬೀಳುವುದೇ ದೊಡ್ಡ ಕಾರಣ, ಬಚ್ಚಲಲ್ಲಿ ಬೀಳುವವರೂ ಕಡಿಮೆಯಲ್ಲ. ಒದ್ದೆ ನೆಲಕ್ಕೆ ಜಾರದ ಚಾಪೆ, ಗೋಡೆಗೆ ಹಿಡಿಕೆ, ಕಕ್ಕಸಿಗೆ ಎತ್ತರದ ಕಮೋಡು, ಮಂಚದಿಂದ ಬಚ್ಚಲಿನವರೆಗೆ ರಾತ್ರಿ ಉರಿಯುವ ಸಣ್ಣ ದೀಪ. ಮಡಚಿಕೊಳ್ಳುವ ಕಾಲೊರಸು ಇದ್ದರೆ ತೆಗೆದುಹಾಕಿ. ನಿದ್ದೆ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಹೇಳಿ.

11. ಸೊನ್ನೆಗೆ ಬಂದ ಮೇಲೆ

ಮಾತ್ರೆ ಪೂರ್ತಿ ನಿಂತ ದಿನ ಚೀಟಿಯನ್ನು ಪರ್ಸಿನಿಂದ ತೆಗೆಯಬೇಡಿ. ಕನಿಷ್ಠ ಒಂದು ವರ್ಷ ಅಲ್ಲೇ ಇರಲಿ. ಈ ಅವಧಿಯಲ್ಲಿ ದೊಡ್ಡ ಜ್ವರವೋ ಶಸ್ತ್ರಚಿಕಿತ್ಸೆಯೋ ಬಂದರೆ ತಾತ್ಕಾಲಿಕವಾಗಿ ಸ್ಟೀರಾಯ್ಡ್ ಬೇಕಾಗಬಹುದು. ಹಾಗೆ ಕೊಟ್ಟರೆ 'ಮತ್ತೆ ಹಿಡಿದುಕೊಂಡಿತು' ಎಂದು ಕಂಗೆಡಬೇಡಿ, ಎರಡು ಮೂರು ದಿನದ ಮಾತು.

ಮೂಳೆಯ ಔಷಧವನ್ನು ಸ್ಟೀರಾಯ್ಡ್ ಜೊತೆಗೇ ನಿಲ್ಲಿಸಬೇಕು ಎಂದೇನೂ ಇಲ್ಲ. ಸ್ಕ್ಯಾನಿನಲ್ಲಿ ಅಪಾಯ ಕಡಿಮೆ ಎಂದು ಕಂಡರೆ ವೈದ್ಯರು ನಿಲ್ಲಿಸಬಹುದು, ಮುರಿತ ಆಗಿದ್ದವರಿಗೆ, ವಯಸ್ಸಾದವರಿಗೆ ಮುಂದುವರಿಸುತ್ತಾರೆ. ಡೆನೊಸುಮಾಬ್ ಅಥವಾ ಟೆರಿಪ್ಯಾರಟೈಡ್ ಮುಗಿದ ಮೇಲೆ ಬೇರೊಂದು ಔಷಧಕ್ಕೆ ದಾಟಲೇಬೇಕು. ಒಂದೆರಡು ವರ್ಷಕ್ಕೊಮ್ಮೆ ಡೆಕ್ಸಾ, ಸಾಧ್ಯವಾದಷ್ಟು ಅದೇ ಯಂತ್ರದಲ್ಲಿ, ಇಲ್ಲದಿದ್ದರೆ ಹೋಲಿಕೆ ಕಷ್ಟ. ವರ್ಷಕ್ಕೊಮ್ಮೆ ಅದೇ ಗೋಡೆಗೆ ನಿಂತು ಎತ್ತರ ಅಳೆಯಿರಿ.

ದೊಡ್ಡಮ್ಮ ಕಳೆದ ವರ್ಷದ ಕ್ಯಾಲೆಂಡರನ್ನು ರದ್ದಿಗೆ ಹಾಕಲು ಬಿಟ್ಟಿಲ್ಲ, ಸುರುಳಿ ಸುತ್ತಿ ಬೀರುವಿನ ಮೇಲಿಟ್ಟಿದ್ದಾರೆ. ಹೊಸದರಲ್ಲಿ ಬರೆದಿರುವುದು ಭಾನುವಾರದ ಮಾತ್ರೆ ಮತ್ತು ಜೂನ್ ತಿಂಗಳ ಸ್ಕ್ಯಾನಿನ ದಿನ, ಅಷ್ಟೇ. ಹಳೆಯ ಸೀರೆಗಳಿಗೆ ಮಾತ್ರ ಕೆಳಗೆ ಎರಡು ಬೆರಳು ಮಡಚಿ ಹೊಲಿಸಿಕೊಂಡಿದ್ದಾರೆ.